ಯೂನಿಫಾರ್ಮ್ ಹಾಕಿದ ಲೆಕ್ಕದ ಟೀಚರ್

(ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಆಡಿದ ಹಾಗೇ ಬರೆದಿದ್ದೇನೆ. ತಡವರಿಸಿದ್ದು, ಕೆಮ್ಮಿದ್ದು, ಮೈಕ್ ಕೈಕೊಟ್ಟಿದ್ದು ಮಾತ್ರ ಬಿಟ್ಟಿದ್ದೇನೆ.)

ನಮಸ್ಕಾರ. ಎಲ್ಲರ ಕೈಗೂ ಒಂದೊಂದು ವೈರಿನ ತುಂಡು ಬಂತಲ್ವಾ? ಹಿಂದಿನ ಸಾಲಿನವರಿಗೆ ಸಾಲದಿದ್ದರೆ ಪಕ್ಕದವರದ್ದನ್ನು ನೋಡಿ. ಎಸ್‌ಪಿ ರೋಡಿನಲ್ಲಿ ಒಂದು ಸುರುಳಿ ಟೆಲಿಫೋನ್ ವೈರ್ ಕೊಂಡು, ನಿನ್ನೆ ರಾತ್ರಿ ಮನೆಯಲ್ಲಿ ಕೂತು ಕತ್ತರಿಸಿದೆ. ಅಳತೆಗೆ ಮಗಳ ಅಡಿಪಟ್ಟಿ. ಸ್ಕೂಲ್ ಮಕ್ಕಳ ಹತ್ತಿರ 30 ಸೆಂಟಿಮೀಟರಿನ ಅಡಿಪಟ್ಟಿ ಇರುತ್ತಲ್ಲ, ಹೆಚ್ಚು ಕಮ್ಮಿ ಅಷ್ಟೇ ಉದ್ದ. ನಮ್ಮ ಕಾಲದ ಮೇಷ್ಟ್ರುಗಳು ಅದನ್ನು ಅಳೆಯುವುದಕ್ಕಿಂತ ಬೇರೆ ಕೆಲಸಕ್ಕೇ ಜಾಸ್ತಿ ಬಳಸುತ್ತಿದ್ದರು. ಆ ಮಾತು ಬಿಡಿ.

ನಿಮ್ಮ ಕೈಯಲ್ಲಿರುವುದು ಒಂದು ನ್ಯಾನೋಸೆಕೆಂಡ್. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು ಚೂರು. ಅಷ್ಟು ಹೊತ್ತಿನಲ್ಲಿ ಬೆಳಕು ಓಡುವ ದೂರ ಇಷ್ಟು. ಇದಕ್ಕಿಂತ ಮುಂದೆ ಯಾವುದೂ ಹೋಗುವುದಿಲ್ಲ, ಕರೆಂಟೂ ಹೋಗುವುದಿಲ್ಲ.

ಈ ತುಂಡನ್ನು ಹಂಚುವ ಐಡಿಯಾ ನನ್ನದಲ್ಲ. ಅಮೆರಿಕದ ನೌಕಾಪಡೆಯ ಒಬ್ಬ ಹೆಂಗಸಿನದು. ಸಣ್ಣ ಮೈಕಟ್ಟು, ದಪ್ಪ ಕನ್ನಡಕ, ಬಿಳಿ ಕೂದಲು, ಮೈಮೇಲೆ ಮಡಿಕೆ ಕೆಡದ ಯೂನಿಫಾರ್ಮ್. ಊರೂರು ತಿರುಗಿ ಮಾತಾಡುತ್ತಿದ್ದರು, ಹೋದಲ್ಲೆಲ್ಲ ವೈರಿನ ಕಟ್ಟು ಜೊತೆಗಿರುತ್ತಿತ್ತು. ಉಪಗ್ರಹದ ಮೂಲಕ ಸಂದೇಶ ಕಳಿಸಿದರೆ ಯಾಕೆ ತಡವಾಗುತ್ತೆ ಅಂತ ದೊಡ್ಡ ಅಧಿಕಾರಿಗಳು ಕೇಳಿದರೆ ಈ ತುಂಡು ತೋರಿಸುತ್ತಿದ್ದರು. ಇಲ್ಲಿಂದ ಉಪಗ್ರಹಕ್ಕೆ ಇಂಥವು ಎಷ್ಟು ಬೇಕು ಅಂತ ನೀವೇ ಯೋಚಿಸಿ ಅನ್ನೋದು ಉತ್ತರ. ನಾನು ಲೆಕ್ಕ ಹಾಕಿದೆ. 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಸುಮಾರು 12 ಕೋಟಿ ತುಂಡು ಬೇಕು. ಬೆಂಗಳೂರಿನಿಂದ ಮೈಸೂರಿಗಾದರೆ ನಾಲ್ಕೂವರೆ ಲಕ್ಷದ ಮೇಲೆ.

ಆಮೇಲೆ ಒಂದು ದೊಡ್ಡ ಸುರುಳಿ ಎತ್ತಿ ತೋರಿಸುತ್ತಿದ್ದರು. 984 ಅಡಿ. ಅದು ಮೈಕ್ರೋಸೆಕೆಂಡ್. ಪ್ರತಿ ಪ್ರೋಗ್ರಾಮರ್ ಕೊರಳಿಗೂ ಇದನ್ನು ನೇತು ಹಾಕಬೇಕು, ಒಂದು ಮೈಕ್ರೋಸೆಕೆಂಡ್ ಹಾಳು ಮಾಡಿದರೆ ಏನು ಹಾಳಾಯಿತು ಅಂತ ಆಗ ಗೊತ್ತಾಗುತ್ತೆ ಅನ್ನುತ್ತಿದ್ದರು. ಪಿಕೋಸೆಕೆಂಡ್ ಬೇಕಾ? ಅದಕ್ಕೆ ಹೋಟೆಲಿನಲ್ಲಿ ಕೊಡುವ ಕಾಳುಮೆಣಸಿನ ಪುಡಿಯ ಪೊಟ್ಟಣ. ಒಂದೊಂದು ಚೂರೂ ಒಂದೊಂದು ಪಿಕೋಸೆಕೆಂಡ್.

ಇವರು ಗ್ರೇಸ್ ಹಾಪರ್. ಕಂಪ್ಯೂಟರ್ ಪುಸ್ತಕಗಳಲ್ಲಿ ಇವರನ್ನು ವಿಜ್ಞಾನಿ ಅನ್ನುತ್ತಾರೆ. ನೌಕಾಪಡೆಯವರು ಅಡ್ಮಿರಲ್ ಅನ್ನುತ್ತಾರೆ. ಎರಡೂ ನಿಜ. ಆದರೆ ನನಗೆ ಇವರು ಮೊದಲು ಲೆಕ್ಕದ ಟೀಚರ್. ಮುಂದೆ ಮಾಡಿದ್ದೆಲ್ಲ ಆ ಪಾಠ ಹೇಳುವ ಚಟದಿಂದಲೇ ಹುಟ್ಟಿತು ಅನ್ನೋದು ನನ್ನ ವಾದ. ಒಪ್ಪದವರು ಕೊನೆಗೆ ಜಗಳಕ್ಕೆ ಬನ್ನಿ.

ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, 1906ರ ಡಿಸೆಂಬರ್ 9ರಂದು. ಏಳು ವರ್ಷದವಳಿದ್ದಾಗ ಮನೆಯ ಅಲಾರಂ ಗಡಿಯಾರ ಬಿಚ್ಚಿದಳು. ವಾಪಸ್ ಜೋಡಿಸೋಕೆ ಬರಲಿಲ್ಲ. ಹೇಗೆ ಜೋಡಿಸಿದ್ದಾರೆ ನೋಡೋಣ ಅಂತ ಇನ್ನೊಂದು ಬಿಚ್ಚಿದಳು. ಹೀಗೆ ಏಳು ಗಡಿಯಾರ. ಅಮ್ಮ ಹೊಡೆಯಲಿಲ್ಲ, ಇನ್ನು ಮುಂದೆ ಒಂದೇ ಗಡಿಯಾರ ಅಂತ ಕರಾರು ಹಾಕಿದರು. ಅಪ್ಪನಿಗೆ ರಕ್ತನಾಳದ ಕಾಯಿಲೆ, ಎರಡೂ ಕಾಲು ತೆಗೆಯಬೇಕಾಗಿ ಬಂತು. ತನಗೇನಾದರೂ ಆದರೆ ಹೆಣ್ಣುಮಕ್ಕಳು ಯಾರ ಹಂಗೂ ಇಲ್ಲದೆ ಬದುಕಬೇಕು, ಮಗನಿಗೆ ಸಿಗುವ ಓದೇ ಇವರಿಗೂ ಸಿಗಬೇಕು ಅನ್ನೋದು ಅವರ ಹಟ. ಆ ಕಾಲಕ್ಕೆ ಅದು ದೊಡ್ಡ ಮಾತು.

ಮೊದಲ ಸಲ ಕಾಲೇಜಿಗೆ ಅರ್ಜಿ ಹಾಕಿದಾಗ ಲ್ಯಾಟಿನ್ ಪರೀಕ್ಷೆಯಲ್ಲಿ ಫೇಲ್. ಒಂದು ವರ್ಷ ಕಾದು ವಾಸಾರ್ ಎಂಬ ಹೆಣ್ಣುಮಕ್ಕಳ ಕಾಲೇಜು ಸೇರಿದಳು. 1928ರಲ್ಲಿ ಪದವಿ, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್‌.ಡಿ. ನಡುವೆ 1931ರಿಂದಲೇ ವಾಸಾರ್‌ನಲ್ಲಿ ಪಾಠ.

ಪಾಠದ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ಸಂಭವನೀಯತೆಯ ಕ್ಲಾಸು, ಅಂದ್ರೆ ಪ್ರಾಬಬಿಲಿಟಿ. ಮೊದಲ ದಿನ ಒಂದು ದೊಡ್ಡ ಸೂತ್ರದ ಮೇಲೆ ಪಾಠ ಮಾಡಿ, ಈಗ ಇದರ ಬಗ್ಗೆ ಪ್ರಬಂಧ ಬರೆದುಕೊಂಡು ಬನ್ನಿ ಅನ್ನುತ್ತಿದ್ದರು. ಹುಡುಗಿಯರು ಬರೆದು ತರುತ್ತಿದ್ದರು. ಮೇಡಂ ಕೆಂಪು ಗೆರೆ ಎಳೆದು ವಾಕ್ಯ ತಿದ್ದುತ್ತಿದ್ದರು. ಲೆಕ್ಕದ ಕ್ಲಾಸಿನಲ್ಲಿ ಇಂಗ್ಲಿಷ್ ಯಾಕೆ ತಿದ್ದುತ್ತೀರಿ ಅಂತ ಗಲಾಟೆ. ನಿಮಗೆ ಬಂದ ಲೆಕ್ಕವನ್ನು ಇನ್ನೊಬ್ಬರಿಗೆ ತಿಳಿಸೋಕೆ ಬರದಿದ್ದರೆ ಅದನ್ನು ಕಲಿತು ಉಪಯೋಗವಿಲ್ಲ ಅಂತ ಅವರ ಜವಾಬು. ಈ ಜವಾಬನ್ನು ನೆನಪಿಟ್ಟುಕೊಳ್ಳಿ. ಇಪ್ಪತ್ತು ವರ್ಷದ ಮೇಲೆ ಇದೇ ಜವಾಬು ಇನ್ನೊಂದು ವೇಷ ಹಾಕಿಕೊಂಡು ಬರುತ್ತೆ.

1941ರ ಡಿಸೆಂಬರ್‌ನಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿಯಾಯಿತು. ಅಮೆರಿಕ ಯುದ್ಧಕ್ಕಿಳಿಯಿತು. ಹಾಪರ್ ಅವರ ಮುತ್ತಜ್ಜ ನೌಕಾಪಡೆಯಲ್ಲಿ ರಿಯರ್ ಅಡ್ಮಿರಲ್ ಆಗಿದ್ದವರು. ತಾನೂ ಸೇರಬೇಕು ಅಂತ ಇವರ ಆಸೆ. ನೌಕಾಪಡೆಯವರು ಬೇಡ ಅಂದರು. ವಯಸ್ಸು ಜಾಸ್ತಿ, ತೂಕ ಕಮ್ಮಿ. ಇರಬೇಕಾದ ತೂಕಕ್ಕಿಂತ ಸುಮಾರು 7 ಕೆಜಿ ಕಮ್ಮಿ ಇದ್ದರಂತೆ. ಸಾಲದ್ದಕ್ಕೆ, ಲೆಕ್ಕದ ಮೇಷ್ಟ್ರುಗಳು ದೇಶಕ್ಕೆ ಬೇಕು, ಕ್ಲಾಸಿನಲ್ಲೇ ಇರಿ ಅಂತ ಬೇರೆ. ಇವರು ಬಿಡಲಿಲ್ಲ. ಪಟ್ಟು ಹಿಡಿದು ತೂಕಕ್ಕೆ ರಿಯಾಯಿತಿ ತೆಗೆದುಕೊಂಡು, 1943ರ ಡಿಸೆಂಬರ್‌ನಲ್ಲಿ ನೌಕಾಪಡೆಯ ಮಹಿಳಾ ಮೀಸಲು ಪಡೆ ಸೇರಿದರು. ಆಗ 37 ವರ್ಷ. ತರಬೇತಿಯಲ್ಲಿ ಜೊತೆಗಿದ್ದವರು ಬಹುಪಾಲು ಇವರ ವಿದ್ಯಾರ್ಥಿನಿಯರ ವಯಸ್ಸಿನವರು. ಅವರನ್ನೆಲ್ಲ ಹಿಂದೆ ಹಾಕಿ ಮೊದಲ ಸ್ಥಾನದಲ್ಲಿ ಹೊರಬಂದರು.

ಹಡಗಿಗೆ ಕಳಿಸಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. 1944ರ ಜುಲೈ. ಅಲ್ಲಿ ಒಂದು ಯಂತ್ರ ಇತ್ತು, ಹೆಸರು ಮಾರ್ಕ್ ಒನ್. 51 ಅಡಿ ಉದ್ದ, 8 ಅಡಿ ಎತ್ತರ. ಈ ಸಭಾಂಗಣದ ಗೋಡೆಗೆ ಒರಗಿಸಿದರೆ ಆ ಬಾಗಿಲು ತೆಗೆಯೋಕಾಗಲ್ಲ. ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡುತ್ತಿತ್ತು. ನಗಬೇಡಿ, ಆಗ ಅದೇ ದೊಡ್ಡ ವೇಗ. ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಅದಕ್ಕೆ ಆದೇಶ ಕೊಡಬೇಕು. ತಪ್ಪು ತೂತು ಬಿದ್ದರೆ ಅಂಟು ಹಚ್ಚಿ ಮುಚ್ಚಬೇಕು. ಅದರ ಯಜಮಾನ ಹೋವರ್ಡ್ ಐಕನ್ ಎಂಬ ಪ್ರೊಫೆಸರ್, ಅವರೂ ನೌಕಾಪಡೆಯ ಯೂನಿಫಾರ್ಮಿನಲ್ಲೇ ಇದ್ದವರು. ಹಾಪರ್ ಒಳಗೆ ಕಾಲಿಟ್ಟ ಕೂಡಲೇ, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಅನ್ನೋ ಧಾಟಿಯಲ್ಲಿ ಸ್ವಾಗತ. ಯಂತ್ರ ತೋರಿಸಿ, ಮುಂದಿನ ಗುರುವಾರದೊಳಗೆ ಈ ಲೆಕ್ಕ ಮುಗಿಸು ಅಂದರಂತೆ.

ಕೆಲವು ದಿನದ ಮೇಲೆ ಐಕನ್ ಮತ್ತೊಂದು ಆಜ್ಞೆ ಹೊರಡಿಸಿದರು. ನೀನು ಈ ಯಂತ್ರದ ಬಗ್ಗೆ ಪುಸ್ತಕ ಬರೆಯುತ್ತೀಯ. ನನಗೆ ಪುಸ್ತಕ ಬರೆಯೋಕೆ ಬರಲ್ಲ ಅಂದರು ಹಾಪರ್. ಈಗ ನೀನು ನೌಕಾಪಡೆಯಲ್ಲಿದ್ದೀಯ ಅಂತ ಉತ್ತರ ಬಂತು. ಅಷ್ಟೇ, ಮಾತು ಮುಗೀತು. ದಿನಾ ಬರೆದ ಪುಟಗಳನ್ನು ಸಂಜೆ ಐಕನ್‌ಗೆ ಗಟ್ಟಿಯಾಗಿ ಓದಿ ಹೇಳಬೇಕು. ಹೀಗೆ 561 ಪುಟದ ಕೈಪಿಡಿ ತಯಾರಾಗಿ 1946ರಲ್ಲಿ ಅಚ್ಚಾಯಿತು. ಟೀಚರ್ ಹುಡುಗಿಯರಿಂದ ಪ್ರಬಂಧ ಬರೆಸುತ್ತಿದ್ದರು ಅಲ್ವಾ? ಈಗ ಅವರ ಸರದಿ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1944ರ ಬೇಸಿಗೆಯಲ್ಲಿ ಜಾನ್ ಫಾನ್ ನಾಯ್ಮನ್ ಎಂಬ ದೊಡ್ಡ ಗಣಿತಜ್ಞ ಒಂದು ಲೆಕ್ಕ ಹಿಡಿದುಕೊಂಡು ಅಲ್ಲಿಗೆ ಬಂದರು. ಒಳಮುಖವಾಗಿ ಸಿಡಿಯುವ ಸ್ಫೋಟದ ಲೆಕ್ಕ. ಯಾಕೆ, ಏನು ಅಂತ ಯಾರಿಗೂ ಹೇಳಲಿಲ್ಲ. ಹಾಪರ್ ಇದ್ದ ತಂಡ ಅದನ್ನು ಯಂತ್ರದ ಮೇಲೆ ಮಾಡಿಕೊಟ್ಟಿತು. ಮರುವರ್ಷ ನಾಗಸಾಕಿ ಮೇಲೆ ಬಿದ್ದ ಬಾಂಬಿನ ವಿನ್ಯಾಸಕ್ಕೆ ಬೇಕಾಗಿದ್ದ ಲೆಕ್ಕ ಅದು. ಗೊತ್ತಾಗಿದ್ದು ಆಮೇಲೆ. ಅವರನ್ನು ತಲೆ ಮೇಲೆ ಹೊತ್ತು ಮೆರೆಸುವವರು ಈ ಭಾಗ ಹಾರಿಸಿಬಿಡುತ್ತಾರೆ. ನಾನೂ ಇದರ ಮೇಲೆ ತೀರ್ಪು ಕೊಡೋಕೆ ಬಂದಿಲ್ಲ. ಆದರೆ ಲೆಕ್ಕ ಮಾಡುವವರಿಗೆ ಲೆಕ್ಕ ಯಾರದ್ದು ಅಂತ ಗೊತ್ತಿರದೇ ಇರುವುದು ಇವತ್ತಿಗೂ ನಡೆಯುತ್ತೆ, ನಮ್ಮ ಆಫೀಸುಗಳಲ್ಲೇ.

ಅದೇ ಹೊತ್ತಿಗೆ ಮನೆ ಒಡೆದಿತ್ತು. 1930ರಲ್ಲಿ ಮದುವೆಯಾಗಿದ್ದ ವಿನ್ಸೆಂಟ್ ಹಾಪರ್ ಜೊತೆ 1945ರಲ್ಲಿ ವಿಚ್ಛೇದನ. ಅಡ್ಡಹೆಸರು ಮಾತ್ರ ಉಳಿಯಿತು. ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಕುಡಿತ ಕೈಮೀರಿತ್ತು. ಎಡ್ಮಂಡ್ ಬರ್ಕ್ಲಿ ಎಂಬ ಗೆಳೆಯ ಪತ್ರ ಬರೆದು ಎಚ್ಚರಿಸಬೇಕಾಯಿತು. ಎದ್ದು ನಿಂತರು. ಹೇಗೆ ಅನ್ನೋದನ್ನು ಅವರು ಊರಿಗೆಲ್ಲ ಹೇಳಿಕೊಂಡು ತಿರುಗಲಿಲ್ಲ, ನಾನೂ ಕೆದಕುವುದಿಲ್ಲ.

ಚಿಟ್ಟೆಯ ಕಥೆ ಹೇಳಿ ಅಂತ ಮುಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಸರಿ. 1947ರ ಸೆಪ್ಟೆಂಬರ್ 9. ಮಾರ್ಕ್ ಟೂ ಯಂತ್ರ ನಿಂತುಹೋಯಿತು. ಹುಡುಕಿದರೆ 70ನೇ ರಿಲೇಯಲ್ಲಿ, ಅಂದ್ರೆ ಕರೆಂಟಿನಿಂದ ನಡೆಯುವ ಸ್ವಿಚ್ಚಿನಲ್ಲಿ, ಒಂದು ಪತಂಗ ಸಿಕ್ಕಿಕೊಂಡು ಸತ್ತಿತ್ತು. ಕಿಟಕಿಗೆ ಜಾಲರಿ ಇರಲಿಲ್ಲ. ಅದನ್ನು ಕಿತ್ತು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು ಅಂತ ಪಕ್ಕದಲ್ಲಿ ಬರೆದರು. ಆ ಪುಟ ಇವತ್ತಿಗೂ ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿದೆ, ಪತಂಗದ ಸಮೇತ. ಆದರೆ ಬಗ್ ಅನ್ನೋ ಪದ ಹಾಪರ್ ಹುಟ್ಟಿಸಿದ್ದಲ್ಲ. ಇಂಗ್ಲಿಷಿನಲ್ಲಿ ಬಗ್ ಅಂದರೆ ಹುಳ, ಯಂತ್ರದ ದೋಷಕ್ಕೂ ಎಡಿಸನ್ ಕಾಲದಿಂದಲೂ ಇಂಜಿನಿಯರುಗಳು ಬಳಸುತ್ತಿದ್ದ ಪದ. ಅದಕ್ಕೇ ಆ ಬರಹದಲ್ಲಿ ತಮಾಷೆ ಇರುವುದು. ಪತಂಗ ಹಿಡಿದದ್ದೂ ಇವರಲ್ಲ. ಇವರು ಮಾಡಿದ್ದು ಆ ಕಥೆಯನ್ನು ನಲವತ್ತು ವರ್ಷ ರಸವತ್ತಾಗಿ ಹೇಳಿದ್ದು. ಕಥೆ ಹೇಳಿದವರ ಹೆಸರಿಗೇ ಊರು ಬರೆದುಕೊಟ್ಟಿತು, ಅಷ್ಟೆ.

ನನಗೆ ಅದಕ್ಕಿಂತ ಇಷ್ಟವಾದ ಕಥೆ ಇನ್ನೊಂದಿದೆ. 1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್ ಮಾಕ್ಲಿ ಕಂಪನಿ ಸೇರಿದರು. ಅಲ್ಲಿನ ಒಂದು ಯಂತ್ರ ಎಂಟರ ಲೆಕ್ಕದಲ್ಲಿ ನಡೆಯುತ್ತಿತ್ತು. ಏಳಾದ ಮೇಲೆ ಎಂಟು ಇಲ್ಲ, ನೇರವಾಗಿ 10 ಬರುತ್ತೆ. ಇವರು ಅದನ್ನು ಎಷ್ಟು ಚೆನ್ನಾಗಿ ರೂಢಿ ಮಾಡಿಕೊಂಡರೆಂದರೆ, ತಿಂಗಳ ಕೊನೆಗೆ ಬ್ಯಾಂಕಿನ ಲೆಕ್ಕವೇ ತಾಳೆಯಾಗಲಿಲ್ಲ. ಅವರ ತಮ್ಮ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವನು. ಅವನನ್ನು ಕೂರಿಸಿ ಹುಡುಕಿಸಿದರೆ, ಅಕ್ಕ ಕೆಲವು ಕಡೆ ಎಂಟರ ಲೆಕ್ಕದಲ್ಲಿ ಕಳೆದಿದ್ದಳು!

ಅಲ್ಲೇ ಇವರಿಗೆ ಹೊಳೆದದ್ದು. ಗಣಿತದಲ್ಲಿ ಪಿಎಚ್‌.ಡಿ. ಮಾಡಿದ ತನಗೇ ಹೀಗಾದರೆ ಅಂಗಡಿಯವರ, ವಿಮೆ ಕಚೇರಿಯವರ ಗತಿ ಏನು? ಯಂತ್ರದ ಭಾಷೆಗೆ ಮನುಷ್ಯರು ಯಾಕೆ ಬಗ್ಗಬೇಕು? ಮನುಷ್ಯರ ಭಾಷೆಯನ್ನು ಯಂತ್ರಕ್ಕೇ ಕಲಿಸೋಣ. ಬರೆದದ್ದನ್ನು ಯಂತ್ರವೇ ತನ್ನ ಭಾಷೆಗೆ ಇಳಿಸಿಕೊಳ್ಳಲಿ. ಇವತ್ತು ನಾವು ಕಂಪೈಲರ್ ಅನ್ನೋದು ಇದನ್ನೇ. 1952ರಲ್ಲಿ ಇವರ ಮೊದಲ ಕಂಪೈಲರ್ ಓಡಿತು. ಯಾರೂ ನಂಬಲಿಲ್ಲ. ಕಂಪ್ಯೂಟರ್ ಕೂಡುತ್ತೆ, ಕಳೆಯುತ್ತೆ, ಅದು ಪ್ರೋಗ್ರಾಂ ಬರೆಯುತ್ತಾ ಅಂತ ಕೇಳಿದರು.

ಒಂದು ತೊಡಕು ಬಿಡಿಸಿದ ರೀತಿ ಹೇಳುತ್ತೇನೆ. ಪ್ರೋಗ್ರಾಂ ನಡುವೆ ಮುಂದಕ್ಕೆ ಜಿಗಿಯಬೇಕು, ಆದರೆ ಆ ಜಾಗ ಯಾವುದು ಅಂತ ಇನ್ನೂ ಗೊತ್ತಿಲ್ಲ. ಏನು ಮಾಡೋದು? ಹಾಪರ್ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವರು. ಆಗಿನ ಹುಡುಗಿಯರ ನಿಯಮದಲ್ಲಿ ಚೆಂಡು ಒಂದೇ ಸಲ ಪುಟಿಸಬಹುದು, ಕೈಯಲ್ಲಿ ಹಿಡಿದು ಹೆಜ್ಜೆ ಇಡೋಹಾಗಿಲ್ಲ. ಅದಕ್ಕೆ ಚೆಂಡನ್ನು ಜೊತೆಯವಳಿಗೆ ಎಸೆದು, ತಾನು ಮುಂದೆ ಓಡಿ, ಅಲ್ಲಿ ವಾಪಸ್ ಈಸಿಕೊಳ್ಳಬೇಕು. ಇಲ್ಲೂ ಹಾಗೇ ಮಾಡಿದರು. ಮೆಮೊರಿಯ ಮೂಲೆಯಲ್ಲಿ ಒಂದು ಜಾಗ ಇಟ್ಟು ಜಿಗಿತವನ್ನು ಅಲ್ಲಿಗೆ ಎಸೆದರು. ಮುಂದಿನ ಜಾಗ ಗೊತ್ತಾದಾಗ ಅಲ್ಲಿಂದ ಪಾಸ್. ಟೀಚರ್ ತಲೆ ಹೀಗೇ ಓಡುವುದು, ಸಿಕ್ಕ ಉದಾಹರಣೆ ಬಿಡುವುದಿಲ್ಲ.

ಮುಂದೆ ಇಂಗ್ಲಿಷ್ ಪದಗಳಲ್ಲೇ ಪ್ರೋಗ್ರಾಂ ಬರೆಯುವ ಫ್ಲೋಮ್ಯಾಟಿಕ್ ಅನ್ನೋ ಭಾಷೆ ಬಂತು. ಅದಕ್ಕೆ ದುಡ್ಡು ಕೇಳೋಕೆ ಆಡಳಿತದವರ ಮುಂದೆ ಪುಟ್ಟ ಪ್ರದರ್ಶನ ಇಟ್ಟರು. ಮೊದಲು ಇಂಗ್ಲಿಷಿನಲ್ಲಿ ಒಂದು ಪ್ರೋಗ್ರಾಂ. ಚೆನ್ನಾಗಿದೆ ಅಂದರು. ಆಮೇಲೆ ಅದೇ ಪ್ರೋಗ್ರಾಂ ಫ್ರೆಂಚಿನಲ್ಲಿ, ಜರ್ಮನ್ನಿನಲ್ಲಿ. ಯಜಮಾನರುಗಳು ಬೆಚ್ಚಿಬಿದ್ದರು. ಪೆನ್ಸಿಲ್ವೇನಿಯಾದಲ್ಲಿ ತಯಾರಾದ ಅಮೆರಿಕದ ಕಂಪ್ಯೂಟರಿಗೆ ಫ್ರೆಂಚ್, ಜರ್ಮನ್ ಹೇಗೆ ಬರುತ್ತೆ? ಇಂಗ್ಲಿಷ್ ಮಾತ್ರ ಅಂತ ಮಾತು ಕೊಟ್ಟು ಸಮಾಧಾನ ಮಾಡೋಕೆ ಇವರಿಗೆ ನಾಲ್ಕು ತಿಂಗಳು ಹಿಡಿಯಿತಂತೆ.

ಯೋಚಿಸಿ ನೋಡಿ. ಯಂತ್ರಕ್ಕೆ ಇಂಗ್ಲಿಷೂ ಗೊತ್ತಿರಲಿಲ್ಲ. ಅದಕ್ಕೆ ಅವೆಲ್ಲ ಬರೀ ಗುರುತುಗಳು. ಪದದ ಪಟ್ಟಿ ಬದಲಾಯಿಸಿದರೆ ಮುಗೀತು. ಕನ್ನಡದಲ್ಲೂ ಆಗುತ್ತಿತ್ತು! ಹೋಲಿಸು, ಬರೆ, ನಿಲ್ಲಿಸು ಅಂತ. ಒಂದೇ ತೊಡಕು. ಅವರ ಆಜ್ಞೆಗಳೆಲ್ಲ ಕ್ರಿಯಾಪದದಿಂದ ಶುರುವಾಗುತ್ತಿದ್ದವು, ನಮ್ಮದು ಕೊನೆಗೆ ಬರುತ್ತೆ. ಅವರ ಲೆಕ್ಕದಲ್ಲಿ ತಗೋ ಪಟ್ಟಿಯನ್ನು, ನಮ್ಮ ಬಾಯಲ್ಲಿ ಪಟ್ಟಿಯನ್ನು ತಗೋ. ಈ ಟೀಚರ್ ಕನ್ನಡ ಕಂಡಿದ್ದರೆ ಯಂತ್ರಕ್ಕೆ ಸಾಲಿನ ಕೊನೆ ತನಕ ಕಾಯೋದನ್ನೂ ಕಲಿಸುತ್ತಿದ್ದರೇನೋ. ವಾಕ್ಯ ತಿದ್ದಿದ ಕೆಂಪು ಪೆನ್ನು ನೆನಪಿದೆಯಲ್ಲ?

1959ರಲ್ಲಿ ಸರ್ಕಾರದವರು, ಕಂಪನಿಗಳವರು ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ನಲ್ಲಿ ಸೇರಿ ಎಲ್ಲ ಯಂತ್ರಗಳಿಗೂ ಒಂದೇ ವ್ಯಾಪಾರಿ ಭಾಷೆ ಬೇಕು ಅಂತ ತೀರ್ಮಾನಿಸಿದರು. ಅದು ಕೋಬಾಲ್. ಹಾಪರ್ ಒಬ್ಬರೇ ಬರೆದರು ಅನ್ನುವವರಿದ್ದಾರೆ. ಇಲ್ಲ. ಬರೆದದ್ದು ಸಮಿತಿ, ಜೀನ್ ಸ್ಯಾಮೆಟ್ ಅಂಥವರು ಕೂತು ದುಡಿದದ್ದು. ಆದರೆ ಅದರ ಬೆನ್ನೆಲುಬು ಫ್ಲೋಮ್ಯಾಟಿಕ್. ಅಮ್ಮ ಅಲ್ಲದಿದ್ದರೂ ಅಜ್ಜಿಯಂತೂ ಹೌದು.

ಇಲ್ಲಿ ನನ್ನ ಪುರಾಣ ಸ್ವಲ್ಪ. 90ರ ದಶಕದಲ್ಲಿ ಬೆಂಗಳೂರಿನ ಒಂದು ತರಬೇತಿ ಕೇಂದ್ರದಲ್ಲಿ ಕೋಬಾಲ್ ಕಲಿತೆ. ಮೊದಲ ಏಳು ಕಾಲಂ ಬಿಟ್ಟು ಎಂಟರಿಂದ ಬರೆಯಬೇಕು, ಆಜ್ಞೆಗಳು ಹನ್ನೆರಡರಿಂದ. ವಾಕ್ಯ ಮುಗಿದರೆ ಚುಕ್ಕಿ. ಥೇಟ್ ಕಾಪಿ ರೈಟಿಂಗ್. ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ, 'ಇಫ್' ಸಾಲಿನ ಕೊನೆಯಲ್ಲಿ ಚುಕ್ಕಿ ಮರೆತೆ. ಕೆಳಗಿನ ಸಾಲೂ ಆ ಷರತ್ತಿನೊಳಗೆ ಸೇರಿಕೊಂಡಿತು. ಒಂದಷ್ಟು ಖಾತೆಗಳಿಗೆ ಬಡ್ಡಿಯೇ ಸೇರಲಿಲ್ಲ. ಪುಣ್ಯಕ್ಕೆ ಅದು ಟೆಸ್ಟಿಂಗ್. ಎರಡು ದಿನ ಹುಡುಕಿದೆ, ಒಂದು ಚುಕ್ಕಿಗೆ. ಪ್ರೈಮರಿ ಸ್ಕೂಲಿನಲ್ಲಿ ವಾಕ್ಯದ ಕೊನೆಗೆ ಪೂರ್ಣವಿರಾಮ ಹಾಕು ಅಂತ ಬಡಿದುಕೊಂಡ ಟೀಚರ್ ನೆನಪಾದರು.

ಹಾಪರ್ ವಿಷಯಕ್ಕೆ ಬರೋಣ. ಇಷ್ಟೂ ವರ್ಷ ಅವರು ನೌಕಾಪಡೆಯ ಮೀಸಲು ಅಧಿಕಾರಿಯಾಗಿಯೂ ಇದ್ದರು. 1966ರ ಕೊನೆಗೆ ವಯಸ್ಸಾಯಿತು ಅಂತ ನಿವೃತ್ತಿ ಮಾಡಿದರು. ಬದುಕಿನಲ್ಲೇ ಅತಿ ದುಃಖದ ದಿನ ಅದು ಅಂದಿದ್ದರು. ಏಳು ತಿಂಗಳಿಗೆ ನೌಕಾಪಡೆಯೇ ವಾಪಸ್ ಕರೆಯಿತು. ಒಬ್ಬೊಬ್ಬರ ಕೋಬಾಲ್ ಒಂದೊಂದು ಥರ ಆಗಿಬಿಟ್ಟಿತ್ತು, ಅದನ್ನು ಒಂದು ದಾರಿಗೆ ತರಬೇಕಿತ್ತು. ಬರೀ ಆರು ತಿಂಗಳ ಕೆಲಸ ಅಂದರು. ಆ ಆರು ತಿಂಗಳು 19 ವರ್ಷ ನಡೆಯಿತು.

ಪೆಂಟಗನ್‌ನ ಅವರ ಕೋಣೆಯಲ್ಲಿ ಎರಡು ವಸ್ತು ಇದ್ದವು. ಒಂದು ಕಡಲ್ಗಳ್ಳರ ಬಾವುಟ, ತಲೆಬುರುಡೆಯದ್ದು. ಇನ್ನೊಂದು ಹಿಂದಕ್ಕೆ ತಿರುಗುವ ಗೋಡೆ ಗಡಿಯಾರ. ಟೈಮ್ ಸರಿಯಾಗೇ ತೋರಿಸುತ್ತೆ, ಮುಳ್ಳು ಮಾತ್ರ ಎಡಕ್ಕೆ ಹೋಗುತ್ತೆ. ಮೊದಲಿನಿಂದ ಹೀಗೇ ಮಾಡ್ಕೊಂಡು ಬಂದಿದ್ದೀವಿ ಅಂತ ಯಾರಾದರೂ ಅಂದರೆ ಆ ಗಡಿಯಾರದ ಕಡೆ ಕೈ ತೋರಿಸುತ್ತಿದ್ದರು. ಏಳು ವರ್ಷದಲ್ಲಿ ಬಿಚ್ಚಿದ ಗಡಿಯಾರಗಳ ಚಾಳಿ ಹೋಗಿರಲಿಲ್ಲ.

1973ರಲ್ಲಿ ಕ್ಯಾಪ್ಟನ್. 1983ರಲ್ಲಿ ಟಿವಿ ಸಂದರ್ಶನ ನೋಡಿದವರ ಒತ್ತಾಯದಿಂದ ಅಧ್ಯಕ್ಷ ರೇಗನ್ ಕೊಮೊಡೋರ್ ಮಾಡಿದರು. 1985ರಲ್ಲಿ ಆ ಹುದ್ದೆಯ ಹೆಸರೇ ರಿಯರ್ ಅಡ್ಮಿರಲ್ ಅಂತ ಬದಲಾಯಿತು. ಮುತ್ತಜ್ಜನ ಹುದ್ದೆ ಮನೆಗೆ ವಾಪಸ್ ಬಂತು. 1986ರ ಆಗಸ್ಟ್ 14ರಂದು ಬಾಸ್ಟನ್ನಿನಲ್ಲಿ, 1797ರಲ್ಲಿ ನೀರಿಗಿಳಿದ ಹಳೇ ಯುದ್ಧನೌಕೆಯ ಮೇಲೆ ನಿವೃತ್ತಿಯ ಸಮಾರಂಭ. ಆಗ ಅವರಿಗೆ 79. ಕೆಲಸದಲ್ಲಿದ್ದ ಅಧಿಕಾರಿಗಳಲ್ಲೇ ಅತಿ ಹಿರಿಯರು. ಮನೆಗೆ ಹೋಗಿ ಕೂತರಾ? ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ ಸೇರಿ ಮತ್ತೆ ಊರೂರು ಸುತ್ತಿ ಮಾತಾಡಿದರು, ಅದೇ ವೈರು ಹಿಡಿದು. ಆ ವರ್ಷವೇ ಡೇವಿಡ್ ಲೆಟರ್‌ಮನ್ ಟಿವಿ ಕಾರ್ಯಕ್ರಮದಲ್ಲಿ, ಮಾರ್ಕ್ ಒನ್ ಕಾಲದಲ್ಲಿ ನಿಮಗೆ ಕಂಪ್ಯೂಟರ್ ಬಗ್ಗೆ ಅಷ್ಟು ಹೇಗೆ ಗೊತ್ತಿತ್ತು ಅಂತ ಕೇಳಿದರು. ಗೊತ್ತಿರಲಿಲ್ಲ, ಅದೇ ಮೊದಲನೇದು ಅಂದರು ಅಜ್ಜಿ. ನಿನ್ನ ಸಾಧನೆ ಏನು ಅಂದರೆ ಕಂಪೈಲರ್ ಹೆಸರು ಎತ್ತುತ್ತಿರಲಿಲ್ಲ, ನಾನು ತಯಾರು ಮಾಡಿದ ಹುಡುಗ ಹುಡುಗಿಯರು ಅನ್ನುತ್ತಿದ್ದರು.

ಅವರಿಗೊಂದು ಆಸೆ ಇತ್ತು. 1999ರ ಡಿಸೆಂಬರ್ 31ರ ರಾತ್ರಿಯವರೆಗೆ ಬದುಕಬೇಕು. ಕಾರಣ ಎರಡು. ಅವತ್ತಿನ ಪಾರ್ಟಿ ತಪ್ಪಿಸಿಕೊಳ್ಳಬಾರದು. ಇನ್ನೊಂದು, ಕಂಪ್ಯೂಟರ್ ಇದನ್ನೆಲ್ಲ ಮಾಡಲ್ಲ ಅಂದಿದ್ದವರಿಗೆ, ನೋಡಿ, ಹೇಳಿರಲಿಲ್ವಾ ಅನ್ನಬೇಕು. ಆಗಲಿಲ್ಲ. 1992ರ ಜನವರಿ 1ರಂದು ತೀರಿಕೊಂಡರು, ವಯಸ್ಸು 85.

ಆ 1999ರ ರಾತ್ರಿ ನಾನು ಬೆಂಗಳೂರಿನ ಆಫೀಸಿನಲ್ಲಿದ್ದೆ. ವೈಟುಕೆ ಗೊತ್ತಲ್ಲ? ಹಿಂದಿನವರು ಜಾಗ ಉಳಿಸೋಕೆ ಇಸವಿಯ ಕೊನೆಯ ಎರಡೇ ಅಂಕಿ ಬರೆದಿಟ್ಟಿದ್ದರು. 99 ಆದ ಮೇಲೆ 00 ಬಂದರೆ 1900 ಅಂತ ಯಂತ್ರ ತಿಳಿದುಕೊಂಡೀತು ಅಂತ ಭಯ. ಕೋಬಾಲ್ ಪ್ರೋಗ್ರಾಂಗಳನ್ನು ಸಾಲು ಸಾಲಾಗಿ ಹುಡುಕಿ ಸರಿ ಮಾಡುವ ಕೆಲಸ ಬೆಂಗಳೂರಿಗೆ ರಾಶಿ ರಾಶಿ ಬಂದಿತ್ತು. ನಮ್ಮಲ್ಲಿ ಹನ್ನೆರಡು ಹೊಡೆದಾಗ ಬೀದಿಯಲ್ಲಿ ಪಟಾಕಿ. ನಮಗೆ ಸಂಭ್ರಮ ಇಲ್ಲ. ಗಿರಾಕಿಗಳಿದ್ದದ್ದು ನ್ಯೂಯಾರ್ಕಿನಲ್ಲಿ, ಅಲ್ಲಿ ಹನ್ನೆರಡಾದರೆ ಇಲ್ಲಿ ಬೆಳಿಗ್ಗೆ ಹತ್ತೂವರೆ. ಅಲ್ಲಿಯವರೆಗೂ ಎದ್ದಿರಬೇಕು. ಒಬ್ಬ ದಪ್ಪ ಕೋಬಾಲ್ ಪುಸ್ತಕವನ್ನು ತಲೆದಿಂಬು ಮಾಡಿಕೊಂಡು ಮೇಜಿನ ಕೆಳಗೆ ಮಲಗಿದ್ದ. ಹತ್ತೂವರೆ ಆಯಿತು. ರಿಪೋರ್ಟ್ ಬಂತು. ಮೇಲ್ಗಡೆ ತಾರೀಖಿನ ಜಾಗದಲ್ಲಿ 2000 ಅಂತ ಇತ್ತು. ಏನೂ ಆಗಲಿಲ್ಲ. ಪಕ್ಕದ ದರ್ಶಿನಿಯಿಂದ ಯಾರೋ ಇಡ್ಲಿ ವಡೆ ಕಟ್ಟಿಸಿಕೊಂಡು ಬಂದರು. ಜನವರಿ 1. ಅವತ್ತಿಗೆ ಹಾಪರ್ ಹೋಗಿ ಸರಿಯಾಗಿ ಎಂಟು ವರ್ಷ ಅಂತ ನನಗೆ ಗೊತ್ತಿರಲಿಲ್ಲ. ಅವರ ಹೆಸರೇ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ.

ಟೈಮಾಯಿತು ಅಂತ ಪ್ರಿನ್ಸಿಪಾಲರು ಸನ್ನೆ ಮಾಡುತ್ತಿದ್ದಾರೆ. ವೈರ್ ವಾಪಸ್ ಕೊಡಬೇಡಿ, ಮನೆಗೆ ತಗೊಂಡು ಹೋಗಿ. ಮೈಸೂರಿಗೆ ಎಷ್ಟು ತುಂಡು ಅಂದೆ, ಯಾರಿಗೆ ನೆನಪಿದೆ?